ಪ್ರೊಸೆಸರ್ ಬಿಸಿ: ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಂಪ್ಯೂಟರ್ ನಿಧಾನ ಆಗಿದೆ, ಫ್ಯಾನ್ ಕಿರುಚುತ್ತಿದೆ, ಆಟದ ಮಧ್ಯೆ ಪಟ್ ಅಂತ ಆಫ್ ಆಗುತ್ತಿದೆ. ಈ ಮೂರು ದೂರಿನ ಹಿಂದೆ ಬಹಳ ಸಲ ಇರುವುದು ಪ್ರೊಸೆಸರ್‌ನ (ಸಿಪಿಯು, ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಬಿಸಿಯೇ. ಹೊಸ ಕೂಲರ್ (ಪ್ರೊಸೆಸರ್ ಮೇಲೆ ಕೂರುವ ಲೋಹದ ತುಂಡು ಮತ್ತು ಫ್ಯಾನ್) ಕೊಳ್ಳುವ ಮುಂಚೆ ಇದನ್ನು ಓದಿ. ಗಾಳಿಯ ದಾರಿ ಸರಿ ಮಾಡಿದರೆ ಎಷ್ಟೋ ಸಲ ಖರ್ಚೇ ಬರುವುದಿಲ್ಲ.

ನಮ್ಮೂರೇ ತಂಪು. ಇಲ್ಲೂ ಪ್ರೊಸೆಸರ್ ಬಿಸಿ ಆಗುತ್ತಾ?

ಆಗುತ್ತೆ. ಫ್ಯಾನ್ ಇರುವ ಯಾವ ಕೂಲರ್ ಕೂಡ ಪ್ರೊಸೆಸರನ್ನು ಕೋಣೆಗಿಂತ ತಂಪು ಮಾಡಲಾರದು. ಅದು ಚಿಪ್ಪಿನ ಬಿಸಿಯನ್ನು ತೆಗೆದು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಹಾಗಾಗಿ ಲೆಕ್ಕ ಸುಲಭ: ಕೋಣೆಯ ಬಿಸಿ, ಅದರ ಮೇಲೆ ಕೆಲಸದ ಬಿಸಿ. ಜನವರಿ ಬೆಳಿಗ್ಗೆ ಕೋಣೆ 16 ಡಿಗ್ರಿ ಇದ್ದಾಗ ಒಂದು ಆಟಕ್ಕೆ 65 ಡಿಗ್ರಿ ಮುಟ್ಟುವ ಪ್ರೊಸೆಸರ್, ಏಪ್ರಿಲ್ ಮಧ್ಯಾಹ್ನ ಕೋಣೆ 34 ಆದಾಗ ಅದೇ ಆಟಕ್ಕೆ ಹೆಚ್ಚೂಕಡಿಮೆ 83 ಮುಟ್ಟುತ್ತದೆ. ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಬದಲಾಗಿದ್ದು ಕೋಣೆ. "ಚಳಿಗಾಲದಲ್ಲಿ ಚೆನ್ನಾಗೇ ಇತ್ತಲ್ಲ" ಅನ್ನುವವರಿಗೆ ಉತ್ತರ ಇದೇ.

ಇನ್ನೊಂದು ಮಾತು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿ ಗಾಳಿ ಶೇ. 10ರ ಹತ್ತಿರ ತೆಳುವಾಗಿರುತ್ತದೆ. ಅದೇ ಫ್ಯಾನ್, ಅದೇ ವೇಗದಲ್ಲಿ ತಿರುಗಿದರೂ, ಮಂಗಳೂರಿಗಿಂತ ಇಲ್ಲಿ ಸ್ವಲ್ಪ ಕಡಿಮೆ ಬಿಸಿ ಹೊರಹಾಕುತ್ತದೆ. ನಮ್ಮ ತಂಪು ಹವೆ ಅದನ್ನು ಸರಿದೂಗಿಸುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಈ ಅನುಕೂಲ ಕೈಕೊಡುತ್ತದೆ.

ಎಷ್ಟು ಡಿಗ್ರಿ ಇದ್ದರೆ ಸರಿ?

ಸುಮ್ಮನೆ ಆನ್ ಇದ್ದಾಗ 35ರಿಂದ 50. ಬ್ರೌಸರ್, ಟೈಪಿಂಗ್, ಯೂಟ್ಯೂಬ್ ಅಂದರೆ 45ರಿಂದ 60. ಆಟ ಅಥವಾ ವಿಡಿಯೊ ಎಡಿಟಿಂಗ್ ಅಂದರೆ 65ರಿಂದ 85. ಬಹಳ ಹೊತ್ತು 90 ದಾಟಿಯೇ ನಿಂತರೆ ಕಾರಣ ಹುಡುಕಬೇಕು.

ಚಿಪ್ ಯಾವ ಕಂಪನಿಯದು, ಯಾವ ಮಾಡೆಲ್ ಅನ್ನುವುದು ನೋಡಿ ಈ ಲೆಕ್ಕ ಬದಲಾಗುತ್ತದೆ. ಇಂಟೆಲ್‌ನ ಇತ್ತೀಚಿನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿಯ ಆಸುಪಾಸು. ಎಎಂಡಿ ರೈಜನ್ 5000 ಸಾಲಿನಲ್ಲಿ ಮಾಡೆಲ್ ನೋಡಿ 90 ಅಥವಾ 95. ರೈಜನ್ 7000 ಸಾಲಿನ ದೊಡ್ಡ ಚಿಪ್‌ಗಳು ಭಾರೀ ಕೆಲಸ ಕೊಟ್ಟರೆ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುತ್ತವೆ. ಅವನ್ನು ಮಾಡಿರುವುದೇ ಹಾಗೆ, ಅದು ರೋಗವಲ್ಲ. ಬ್ರೌಸರ್ ತೆರೆದ ಕ್ಷಣಕ್ಕೆ 45ರಿಂದ 65ಕ್ಕೆ ಹಾರಿ ಮತ್ತೆ ಇಳಿದರೂ ಗಾಬರಿ ಬೇಡ.

ಈ ಡಿಗ್ರಿ ನೋಡೋದು ಎಲ್ಲಿ?

ವಿಂಡೋಸ್ ಟಾಸ್ಕ್ ಮ್ಯಾನೇಜರ್ ಗ್ರಾಫಿಕ್ಸ್ ಕಾರ್ಡಿನ ಬಿಸಿ ತೋರಿಸುತ್ತದೆ, ಪ್ರೊಸೆಸರ್‌ದನ್ನು ತೋರಿಸುವುದಿಲ್ಲ. ಅದಕ್ಕೆ ಎಚ್‌ಡಬ್ಲ್ಯುಇನ್ಫೊ ಅಥವಾ ಕೋರ್ ಟೆಂಪ್ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ, ಎರಡೂ ಮನೆ ಬಳಕೆಗೆ ಉಚಿತ. ಸಿಕ್ಕ ಸಿಕ್ಕ ಕಡೆಯಿಂದ ಬೇಡ, ಅವರದೇ ತಾಣದಿಂದ ಇಳಿಸಿಕೊಳ್ಳಿ. ಅದನ್ನು ತೆರೆದಿಟ್ಟು ಅರ್ಧ ಗಂಟೆ ಮಾಮೂಲಿ ಕೆಲಸ ಮಾಡಿ. ಆಮೇಲೆ 'ಮ್ಯಾಕ್ಸಿಮಮ್' ಅನ್ನುವ ಕಾಲಂ ನೋಡಿ. ಅದನ್ನೂ ಆ ಹೊತ್ತಿನ ಕೋಣೆಯ ಬಿಸಿಯನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಕ್ಲೀನ್ ಮಾಡಿದ ಮೇಲೆ ಹೋಲಿಸಲು ಅದೇ ಬೇಕು.

ಲಿನಕ್ಸ್ ಇದ್ದವರಿಗೆ ಸೆನ್ಸರ್ಸ್ ಅನ್ನುವ ಕಮಾಂಡ್ ಇದೆ. ವಿಂಡೋಸ್‌ಗೂ ಮೊದಲು ತೆರೆಯುವ ಬಯಾಸ್ ಅನ್ನುವ ಸೆಟ್ಟಿಂಗ್ ಪರದೆಯಲ್ಲೂ ಡಿಗ್ರಿ ಕಾಣುತ್ತದೆ. ಅಲ್ಲಿ ವಿದ್ಯುತ್ ಉಳಿಸುವ ವ್ಯವಸ್ಥೆ ಪೂರ್ತಿ ಕೆಲಸ ಮಾಡದ ಕಾರಣ ಅಂಕಿ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಬಿಸಿ ಜಾಸ್ತಿ ಆದರೆ ಪ್ರೊಸೆಸರ್ ಸುಟ್ಟು ಹೋಗುತ್ತಾ?

ಈಗಿನವು ಅಷ್ಟು ಸುಲಭಕ್ಕೆ ಸುಡುವುದಿಲ್ಲ. ಮಿತಿ ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಆಫ್ ಆಗುತ್ತದೆ. ನಿಮಗಾಗುವ ನಷ್ಟ ಏನಪ್ಪಾ ಅಂದರೆ, ದುಡ್ಡು ಕೊಟ್ಟು ತಂದ ವೇಗದಲ್ಲಿ ಕಾಲು ಭಾಗವೋ ಅರ್ಧವೋ ಕೈಗೆ ಸಿಗುವುದೇ ಇಲ್ಲ. "ಕಂಪ್ಯೂಟರ್ ಹಳೇದಾಯ್ತು, ನಿಧಾನ ಆಗಿದೆ" ಅಂತ ಹೊಸದು ತರಲು ಹೊರಟವರ ಯಂತ್ರ ಧೂಳು ಹೊಡೆದ ಮೇಲೆ ಮೊದಲಿನಂತೆ ಓಡುವುದೂ ಉಂಟು.

ತಾನಾಗೇ ಆಫ್ ಆಗುತ್ತೆ. ಬಿಸಿಯೇ ಕಾರಣ ಅಂತ ಗೊತ್ತಾಗೋದು ಹೇಗೆ?

ಯಾವಾಗ ಆಫ್ ಆಗುತ್ತದೆ ಗಮನಿಸಿ. ಬಿಸಿಯಿಂದಾದರೆ ಭಾರದ ಕೆಲಸ ಶುರುವಾಗಿ ಕೆಲವು ನಿಮಿಷದ ಮೇಲೆ ಆಗುತ್ತದೆ. ತಕ್ಷಣ ಆನ್ ಮಾಡಿದರೆ ಎರಡನೇ ಸಲ ಇನ್ನೂ ಬೇಗ ಆಫ್ ಆಗುತ್ತದೆ, ಯಾಕೆಂದರೆ ಹೀಟ್‌ಸಿಂಕ್ (ಕೂಲರ್‌ನ ಲೋಹದ ಭಾಗ) ಆಗಲೇ ಕಾದಿರುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಅಷ್ಟೇ ಹೊತ್ತು ನಡೆಯುತ್ತದೆ.

ಸುಮ್ಮನೆ ಇದ್ದಾಗಲೂ ಹೊತ್ತು ಗೊತ್ತಿಲ್ಲದೆ ಆಫ್ ಆಗುವುದು, ಪಕ್ಕದ ಮನೆಯ ಮೋಟಾರ್ ಶುರುವಾದಾಗ ರೀಸ್ಟಾರ್ಟ್ ಆಗುವುದು, ಲೈಟ್ ಡಿಮ್ ಆದ ಹೊತ್ತಿಗೇ ಆಗುವುದು, ಇವೆಲ್ಲ ಕರೆಂಟ್, ಯುಪಿಎಸ್ ಅಥವಾ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚುವ ಡಬ್ಬ) ಕಡೆ ಬೆರಳು ತೋರಿಸುತ್ತವೆ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಕಂಡರೆ ಯಂತ್ರ ಸರಿಯಾಗಿ ಮುಚ್ಚಲಿಲ್ಲ ಅಂತ ಅರ್ಥ. ಯಾಕೆ ಅನ್ನುವುದನ್ನು ಅದು ಹೇಳುವುದಿಲ್ಲ.

ಫ್ಯಾನ್ ನೋಡಿದೆ, ಕ್ಲೀನಾಗೇ ಇದೆ. ಆದರೂ ಯಾಕೆ ಬಿಸಿ?

ಫ್ಯಾನ್ ಅಲ್ಲ, ಫ್ಯಾನಿನ ಕೆಳಗೆ ನೋಡಿ. ಮೇಲಿಂದ ಕಾಣುವ ರೆಕ್ಕೆಗಳ ಮೇಲೆ ತೆಳು ಧೂಳು ಇರಬಹುದು, ಅಷ್ಟೇ. ಫ್ಯಾನ್ ಬಿಚ್ಚಿ ಎತ್ತಿದಾಗ ನಿಜ ಗೊತ್ತಾಗುತ್ತದೆ. ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಎಸಳುಗಳ ಬಾಯಿಗೆ ಸರಿಯಾಗಿ ಬೂದು ಬಣ್ಣದ ಧೂಳು ಹಳೇ ಕಂಬಳಿಯ ಚೂರಿನ ಹಾಗೆ ಒತ್ತಾಗಿ ಕೂತಿರುತ್ತದೆ. ಅಂಚು ಹಿಡಿದು ಎಳೆದರೆ ಒಂದೇ ತುಂಡಾಗಿ ಎದ್ದು ಬರುತ್ತದೆ. ಕೂದಲು, ಬಟ್ಟೆಯ ನಾರು, ಕೆಂಪು ಮಣ್ಣು, ಊದುಬತ್ತಿ ಹೊಗೆಯ ಅಂಟು, ಎಲ್ಲ ಸೇರಿ ಆಗಿದ್ದು ಅದು. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಆ ಪದರ ದಾಟುವುದಿಲ್ಲ. ಸದ್ದು ಜಾಸ್ತಿ, ತಂಪು ಕಡಿಮೆ.

ಅಡುಗೆಮನೆ ಪಕ್ಕದ ಕೋಣೆಯಾದರೆ ಒಗ್ಗರಣೆಯ ಎಣ್ಣೆ ಹಬೆಯೂ ಇದಕ್ಕೆ ಸೇರುತ್ತದೆ. ಅಂಥ ಧೂಳು ಊದಿದರೆ ಹೋಗುವುದಿಲ್ಲ, ಬ್ರಷ್ ಹಾಕಲೇಬೇಕು. ದೇವರ ಮನೆ ಎದುರಿನ ಗೋಡೆಗೆ ಕಂಪ್ಯೂಟರ್ ಇಟ್ಟವರ ಯಂತ್ರವನ್ನು ನಾನು ಬಿಚ್ಚುವ ಮೊದಲೇ ವಾಸನೆಯಲ್ಲಿ ಗುರುತಿಸಬಲ್ಲೆ. ಪೂಜೆ ಬಿಡಿ ಅಂತ ಯಾರೂ ಹೇಳುವುದಿಲ್ಲ, ಕಂಪ್ಯೂಟರನ್ನು ಆ ಕಡೆ ಸರಿಸಿ.

ಮನೆಯಲ್ಲೇ ಕ್ಲೀನ್ ಮಾಡೋದು ಹೇಗೆ?

ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟನ್ನು ಜಗಲಿಗೋ ಅಂಗಳಕ್ಕೋ ತನ್ನಿ, ಕೋಣೆಯಲ್ಲೇ ಊದಿದರೆ ಅದೇ ಧೂಳು ನಾಳೆ ವಾಪಸ್ ಒಳಗೆ. ಎಡಬದಿಯ ಪ್ಯಾನೆಲ್ ತೆಗೆದು, ಒಳಗೆ ಕೈಹಾಕುವ ಮುಂಚೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ. ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಇಳಿಯುತ್ತದೆ.

ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್ ಮತ್ತು ಒಂದು ಸಣ್ಣ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ. ಗಾಳಿಯ ರಭಸಕ್ಕೆ ಅದು ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಮದರ್‌ಬೋರ್ಡ್ ಹತ್ತಿರ ತರಬೇಡಿ, ಅದರಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಎಸ್‌ಎಂಪಿಎಸ್ ಡಬ್ಬ ಬಿಚ್ಚಲೇಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಇರುತ್ತದೆ. ಹೊರಗಿನಿಂದ ಊದಿದರೆ ಸಾಕು.

ಇನ್ನು ಕೆಲವರು ಕ್ಯಾಬಿನೆಟನ್ನು ಪಂಕ್ಚರ್ ಅಂಗಡಿಗೆ ಹೊತ್ತೊಯ್ದು ಟೈರಿನ ಗಾಳಿ ಹೊಡೆಸುತ್ತಾರೆ. ದಯವಿಟ್ಟು ಬೇಡ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಗಾಳಿಯ ಜೊತೆ ನೀರು, ಎಣ್ಣೆ ಎರಡೂ ಬರುತ್ತವೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಎಷ್ಟು ದಿನಕ್ಕೊಮ್ಮೆ?

ಇರುವ ಜಾಗ ನೋಡಿ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆ ಒಣ ಧೂಳು ಜಾಸ್ತಿ, ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಧೂಳಿಗಿಂತ ತೇವ ಮುಖ್ಯ, ಆರು ತಿಂಗಳು ನಡೆಯುತ್ತದೆ. ಆದರೆ ಮನೆ ಎದುರೇ ಕಾಫಿ ಕಣ ಇದ್ದರೆ ಲೆಕ್ಕ ಬೇರೆ. ಕೊಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವಾಗ, ರಾಶಿ ಎಳೆಯುವಾಗ ಏಳುವ ಹೊಟ್ಟು ಹಗುರ, ನೇರ ಕಿಟಕಿಯಿಂದ ಬಂದು ಕ್ಯಾಬಿನೆಟ್ ಸೇರುತ್ತದೆ. ಕಣದ ಕೆಲಸ ಮುಗಿದು ಬೇಸಿಗೆ ಏರುವ ಮುಂಚೆ, ಮಾರ್ಚ್ ಹೊತ್ತಿಗೆ, ಒಮ್ಮೆ ಸರಿಯಾಗಿ ಕ್ಲೀನ್ ಮಾಡಿಬಿಡಿ. ವರ್ಷಕ್ಕೆ ಒಂದೇ ಸಲ ಮಾಡುವವರೂ ಆ ತಿಂಗಳನ್ನೇ ಇಟ್ಟುಕೊಳ್ಳಿ.

ಕಂಪ್ಯೂಟರ್ ಟೇಬಲ್ಲಿನ ಗೂಡಿನಲ್ಲೇ ಇಟ್ಟಿದ್ದೇವೆ. ತೊಂದರೆ ಇದೆಯಾ?

ಇದೆ. ಆ ಮರದ ಗೂಡಿನಲ್ಲಿ ಹಿಂದುಗಡೆ ವೈರ್ ಹೋಗುವಷ್ಟು ತೂತು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಕ್ಯಾಬಿನೆಟ್ ಉಗುಳಿದ ಬಿಸಿಗಾಳಿಯನ್ನು ಮತ್ತೆ ತಾನೇ ಎಳೆದುಕೊಳ್ಳುತ್ತದೆ. ಗೂಡಿನ ಹಿಂಬದಿ ಹಲಗೆ ಕಿತ್ತು ಹಾಕಿ, ಇಲ್ಲವೇ ಕ್ಯಾಬಿನೆಟನ್ನು ಹೊರಗಿಡಿ. ಗೋಡೆಯಿಂದ ಒಂದು ಗೇಣು ದೂರ ಇರಲಿ. ನೆಲದ ಮೇಲೆ ನೇರ ಬೇಡ, ಒಂದು ಮಣೆಯೋ ಸ್ಟೂಲೋ ಹಾಕಿ. ಗುಡಿಸಿದ ಕಸ, ಒರೆಸಿದ ನೀರು ಎರಡರಿಂದಲೂ ಬಚಾವ್. ಧೂಳು ಬೀಳದಿರಲಿ ಅಂತ ಪ್ಲಾಸ್ಟಿಕ್ ಕವರ್ ಹಾಕಿದ್ದರೆ ಆಫ್ ಇದ್ದಾಗ ಮಾತ್ರ ಹಾಕಿ. ಓಡುವಾಗಲೂ ಕಸೂತಿ ಬಟ್ಟೆ ಹೊದ್ದು ಕೂತ ಕ್ಯಾಬಿನೆಟ್‌ಗಳು ಈಗಲೂ ಕಾಣಸಿಗುತ್ತವೆ, ಪಾಪ.

ಪಕ್ಕದ ಪ್ಯಾನೆಲ್ ತೆಗೆದೇ ಇಡಬಹುದಾ?

ಪರೀಕ್ಷೆಗೆ ತೆಗೆಯಿರಿ, ಖಾಯಂ ಆಗಿ ಬೇಡ. ಅದೇ ಕೆಲಸ, ಅದೇ ಕೋಣೆ, ಪ್ಯಾನೆಲ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಡಿಗ್ರಿ ನೋಡಿ. ತೆಗೆದಾಗ ಎಂಟು ಹತ್ತು ಡಿಗ್ರಿ ಇಳಿದರೆ ಕೂಲರ್ ಸರಿ ಇದೆ, ಕ್ಯಾಬಿನೆಟ್‌ನಲ್ಲಿ ಗಾಳಿ ಓಡಾಡುತ್ತಿಲ್ಲ ಅಂತ ಅರ್ಥ. ಏನೂ ಇಳಿಯದಿದ್ದರೆ ತೊಂದರೆ ಕೂಲರ್, ಅದರ ತಳಕ್ಕೆ ಹಚ್ಚುವ ಥರ್ಮಲ್ ಪೇಸ್ಟ್ ಅಥವಾ ಎಸಳಿನ ಧೂಳಿನಲ್ಲಿದೆ. ದುಡ್ಡು ಎಲ್ಲಿ ಹಾಕಬೇಕು ಅನ್ನುವುದನ್ನು ಈ ಒಂದು ಪರೀಕ್ಷೆ ಹೇಳಿಬಿಡುತ್ತದೆ.

ತೆಗೆದೇ ಇಟ್ಟರೆ ಹಲ್ಲಿ ಬರುತ್ತದೆ. ಬೆಚ್ಚಗಿನ ಜಾಗ ಅಂದರೆ ಅದಕ್ಕೆ ಇಷ್ಟ. ಹಲ್ಲಿ ಹೋಗಿ ಶಾರ್ಟ್ ಆದ ಬೋರ್ಡ್ ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಇರುವೆ, ಜಿರಳೆ, ಮಕ್ಕಳ ಬೆರಳು, ಇವೂ ಇವೆ.

ಫ್ಯಾನ್ ಎಷ್ಟು ಬೇಕು? ಯಾವ ಕಡೆ ಮುಖ?

ಮನೆಗೆ ಮುಂದೆ ಒಂದು ಒಳಗೆಳೆಯಲು, ಹಿಂದೆ ಒಂದು ಹೊರಗೆ ತಳ್ಳಲು ಇದ್ದರೆ ಆಯಿತು. ಫ್ಯಾನಿನ ಚೌಕಟ್ಟಿನಲ್ಲಿ ಮೋಟಾರನ್ನು ಹಿಡಿದಿರುವ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಎರಡನ್ನೂ ಒಳಮುಖ ಹಾಕಿದ ಕ್ಯಾಬಿನೆಟ್‌ಗಳು ಬರುತ್ತಿರುತ್ತವೆ, ನೋಡಿಕೊಳ್ಳಿ. ಮುಂದೆ ಪೂರ್ತಿ ಗಾಜು ಇರುವ, ಬಣ್ಣದ ಲೈಟಿನ ಕ್ಯಾಬಿನೆಟ್ ನೋಡಲು ಚೆಂದ, ಉಸಿರಾಟಕ್ಕೆ ಕಷ್ಟ. ನನ್ನ ಓಟು ಜಾಲರಿ ಮುಖದ ಕ್ಯಾಬಿನೆಟ್‌ಗೆ.

ಥರ್ಮಲ್ ಪೇಸ್ಟ್ ಯಾಕೆ? ಎಷ್ಟು ಹಾಕಬೇಕು?

ಪ್ರೊಸೆಸರ್ ಮೇಲ್ಮೈ, ಕೂಲರ್ ತಳ ಎರಡೂ ಕಣ್ಣಿಗೆ ನುಣುಪು. ನಿಜದಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು ಅಲ್ಲೆಲ್ಲ ಗಾಳಿ ಕೂರುತ್ತದೆ. ಗಾಳಿ ಬಿಸಿ ಸಾಗಿಸುವುದರಲ್ಲಿ ಮಹಾ ಸೋಮಾರಿ. ಬಿಸಿ ಸಾಗಿಸುವ ಶಕ್ತಿಯ ಅಳತೆಯಲ್ಲಿ ಗಾಳಿಗೆ 0.026 ಸಿಕ್ಕರೆ, ಒಳ್ಳೆಯ ಪೇಸ್ಟ್‌ಗೆ 4ರಿಂದ 12, ಅಲ್ಯೂಮಿನಿಯಂಗೆ 200ರ ಮೇಲೆ, ತಾಮ್ರಕ್ಕೆ 400ರ ಆಸುಪಾಸು. ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲು, ಲೋಹಕ್ಕಿಂತ ಎಷ್ಟೋ ಕೆಳಗೆ. ಅದಕ್ಕೇ ಗುಳಿ ತುಂಬುವಷ್ಟು ಮಾತ್ರ ಬೇಕು. ಜಾಸ್ತಿ ಮೆತ್ತಿದರೆ ಲಾಭ ಇಲ್ಲ.

ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ನಡುವೆ ತೊಗರಿಕಾಳಿನಷ್ಟು ಹೊಸದು ಇಡಿ, ಉದ್ದನೆಯ ಇಂಟೆಲ್ ಚಿಪ್ಪಾದರೆ ಒಂದು ಸಣ್ಣ ಗೆರೆ ಎಳೆಯಿರಿ. ಕೂಲರ್ ಕೂರಿಸಿದಾಗ ಅದೇ ಹರಡಿಕೊಳ್ಳುತ್ತದೆ. ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ಕೂಲರ್ ಎತ್ತಿದಿರಿ ಅಂದರೆ ಮಾತ್ರ ಹೊಸದು ಹಾಕಲೇಬೇಕು. ಹೊಸ ಕೂಲರ್ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ಕೂರಿಸಿ. ಇದನ್ನು ಮರೆಯುವವರು ಬಹಳ.

ಟೂತ್‌ಪೇಸ್ಟ್ ನಡೆಯುತ್ತಾ?

ಮೊದಲು ಪರವಾಗಿಲ್ಲ ಅನ್ನಿಸುತ್ತದೆ. ನೀರಿನಂಶ ಆರಿದ ಮೇಲೆ ಸುಣ್ಣದಂತೆ ಗಟ್ಟಿಯಾಗಿ ಡಿಗ್ರಿ ಏರುತ್ತದೆ. ನಿಜವಾದ ಪೇಸ್ಟ್ ಕೆಲವು ನೂರು ರೂಪಾಯಿಗೆ ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಸಿಗುತ್ತದೆ. ಹಲ್ಲಿಗೆ ಹಲ್ಲಿನದು ಇರಲಿ.

ಕೂಲರ್ ಬಿಚ್ಚಿ ಹಾಕಿದ ಮೇಲೆ ಆನ್ ಮಾಡಿದ ಕೂಡಲೇ 100 ಡಿಗ್ರಿ ತೋರಿಸುತ್ತಿದೆ!

ಇಂಟೆಲ್ ಜೊತೆ ಬರುವ ಕೂಲರ್ ಆದರೆ ಹೆಚ್ಚಾಗಿ ನಾಲ್ಕು ಪಿನ್ನುಗಳಲ್ಲಿ ಒಂದು ಕೂತಿಲ್ಲ. ಪ್ರತಿ ಪಿನ್ನಿನ ತಲೆಯ ಮೇಲೆ ಒಂದು ಬಾಣ ಇರುತ್ತದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಸಡಿಲ. ಕೂರಿಸುವ ಮೊದಲು ನಾಲ್ಕನ್ನೂ ವಾಪಸ್ ತಿರುಗಿಸಿಟ್ಟು, ಎದುರು ಮೂಲೆಯ ಜೋಡಿ ಹಿಡಿದು ಒತ್ತಿ, ಆಮೇಲೆ ಇನ್ನೊಂದು ಜೋಡಿ. ಪ್ರತಿಯೊಂದೂ 'ಟಕ್' ಅನ್ನಬೇಕು. ಸದ್ದು ನಂಬದೆ ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿ. ಬಿಳಿ ಪ್ಲಾಸ್ಟಿಕ್ ಕಾಲು ಅಗಲವಾಗಿ, ನಡುವೆ ಕಪ್ಪು ಕಡ್ಡಿಯ ತುದಿ ಇಣುಕುತ್ತಿರಬೇಕು. ನಾಲ್ಕೂ ಕಡೆ ಹೀಗಿದ್ದರೆ ಸರಿ. ಒಂದು ಕಡೆ ಇಲ್ಲದಿದ್ದರೂ ಕೂಲರ್ ಓರೆಯಾಗಿ ನಿಂತಿದೆ ಅಂತಲೇ. ಫ್ಯಾನಿನ ವೈರನ್ನು 'ಸಿಪಿಯು ಫ್ಯಾನ್' ಅಂತ ಬರೆದ ಜಾಗಕ್ಕೇ ಚುಚ್ಚಿದ್ದೀರಾ, ಅದನ್ನೂ ನೋಡಿ.

ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿನವರು ಬಿಚ್ಚುವಾಗಲೇ ಹುಷಾರಾಗಿರಬೇಕು. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಜೊತೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ ವೈರ್ ಕಿತ್ತು, ಕೂಲರನ್ನು ಆಚೀಚೆ ಮೆಲ್ಲಗೆ ತಿರುಚಿ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ.

ಮಳೆಗಾಲದಲ್ಲಿ ತಂಪು ಇರುತ್ತಲ್ಲ, ಆಗ ಚಿಂತೆ ಇಲ್ಲ ಅಲ್ವಾ?

ಬಿಸಿಯ ಚಿಂತೆ ಕಡಿಮೆ, ತೇವದ ಚಿಂತೆ ಶುರು. ಓಡುತ್ತಿರುವ ಕಂಪ್ಯೂಟರ್ ಕೋಣೆಗಿಂತ ಬೆಚ್ಚಗಿರುವುದರಿಂದ ಅದರ ಮೇಲೆ ನೀರು ಕಟ್ಟುವುದಿಲ್ಲ. ವಾರಗಟ್ಟಲೆ ಆಫ್ ಇಟ್ಟರೆ ಒಳಗಿನ ಧೂಳು ತೇವ ಹೀರಿ, ಕನೆಕ್ಟರ್‌ಗಳಿಗೆ ಕಿಲುಬು ಹಿಡಿಯಬಹುದು. ಮಲೆನಾಡಿನ ಜೂನ್, ಜುಲೈನಲ್ಲಿ ಕೆಲಸ ಇಲ್ಲದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಎರಚಲು, ಮಂಜು ಬರುವ ಕಿಟಕಿಯಿಂದ ದೂರ ಇಡಿ.

ನೀರಿನ ಕೂಲರ್ ಹಾಕಿಸಲಾ?

65 ವ್ಯಾಟ್ ದರ್ಜೆಯ ಪ್ರೊಸೆಸರ್‌ಗೆ ಬೇಡ. ಬಾಕ್ಸಿನಲ್ಲಿ ಬಂದ ಕೂಲರ್ ಸದ್ದು ಮಾಡುತ್ತದೆ ಅನ್ನಿಸಿದರೆ ಎತ್ತರದ ಟವರ್ ಕೂಲರ್ ಒಂದು ಹಾಕಿ. ಕೆಡುವುದು ಅಂತ ಇದ್ದರೆ ಅದರಲ್ಲಿ ಫ್ಯಾನ್ ಮಾತ್ರ, ಅದೂ ಎಲ್ಲ ಕಡೆ ಸಿಗುತ್ತದೆ. ನೀರಿನದರಲ್ಲಿ ಪಂಪ್ ನಿಂತರೆ ಇಡೀ ಸೆಟ್ ಬದಲಾಯಿಸಬೇಕು. ಕೋರ್ ಐ9 14900ಕೆ ತರಹದ್ದು ಬೇರೆ, ಅದು ಪೂರ್ತಿ ಓಟದಲ್ಲಿ 253 ವ್ಯಾಟ್ ಮುಟ್ಟುತ್ತದೆ. ಅದಕ್ಕೆ ನೀರು ತಣಿಸುವ ದೊಡ್ಡ ರೇಡಿಯೇಟರ್ ಬೇಕೇ ಬೇಕು.

ಏನೂ ಬಿಚ್ಚದೆ ಬಿಸಿ ಇಳಿಸುವ ದಾರಿ ಇದೆಯಾ?

ಇದೆ. ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇರುವುದನ್ನು 99 ಮಾಡಿ. ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ, ಅಂದರೆ ಮಾಮೂಲಿಗಿಂತ ಹೆಚ್ಚಿನ ವೇಗ, ನಿಲ್ಲುತ್ತದೆ, ಡಿಗ್ರಿ ಚೆನ್ನಾಗಿ ಇಳಿಯುತ್ತದೆ. ಟೈಪಿಂಗ್, ಆನ್‌ಲೈನ್ ಕ್ಲಾಸ್, ಟ್ಯಾಲಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆಟಕ್ಕೆ ಗೊತ್ತಾಗುತ್ತದೆ. ರೈಜನ್ ಇದ್ದರೆ ಬಯಾಸ್‌ನಲ್ಲಿ ಕಡಿಮೆ ಕರೆಂಟಿನಲ್ಲಿ ಓಡಿಸುವ ಇಕೊ ಮೋಡ್ ನೋಡಿ. ಏಪ್ರಿಲ್, ಮೇ ಎರಡು ತಿಂಗಳಿಗೆ ಇದು ಒಳ್ಳೆಯ ಉಪಾಯ.

ಏನೂ ಮಾಡದೆ ಇದ್ದರೂ ಫ್ಯಾನ್ ಜೋರು. ಯಾಕೆ?

ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಂ ಒತ್ತಿ, ಯಾರು ಮೇಲೆ ಬರುತ್ತಾರೆ ನೋಡಿ. ಬಹಳ ದಿನದ ಮೇಲೆ ಆನ್ ಮಾಡಿದ್ದರೆ ಅಪ್‌ಡೇಟ್, ವೈರಸ್ ಸ್ಕ್ಯಾನ್ ನಡೆಯುತ್ತಿರುತ್ತದೆ, ಸ್ವಲ್ಪ ಹೊತ್ತು ಬಿಡಿ. ಹೆಸರೇ ಕೇಳದ ಪ್ರೋಗ್ರಾಂ ದಿನವಿಡೀ ಶೇ. 60, 70 ತಿನ್ನುತ್ತಿದ್ದರೆ ಅನುಮಾನ ಪಡಿ. ಪುಕ್ಕಟೆ ಸಿಕ್ಕ ಕ್ರ್ಯಾಕ್ ಆಟದ ಜೊತೆ ನಿಮ್ಮ ಯಂತ್ರ ಬಳಸಿ ಡಿಜಿಟಲ್ ನಾಣ್ಯ ಗಳಿಸುವ ಕ್ರಿಪ್ಟೊ ಮೈನಿಂಗ್ ಕಳ್ಳರು ಬರುತ್ತಾರೆ. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಅವರ ಸಂಪಾದನೆ.

ಲ್ಯಾಪ್‌ಟಾಪ್‌ಗೂ ಇದೇನಾ?

ತತ್ವ ಇದೇ. ಅದರ ಗಾಳಿಬಾಯಿ ಹೆಚ್ಚಾಗಿ ತಳದಲ್ಲಿ ಇರುವುದರಿಂದ ಹಾಸಿಗೆ, ರಗ್ಗು, ದಿಂಬಿನ ಮೇಲೆ ಇಡಬೇಡಿ. ಹಿಂಬದಿ ಒಂದಿಂಚು ಎತ್ತರ ಮಾಡಿದರೂ ಉಪಯೋಗ. ಒಳಗೆ ಬಿಚ್ಚುವುದು ಗೊತ್ತಿದ್ದವರಿಗೇ ಬಿಡಿ, ಅದರ ರಿಬ್ಬನ್ ಕೇಬಲ್‌ಗಳು ಬಲು ನಾಜೂಕು.

ಅಂಗಡಿಗೆ ಕೊಡುವಾಗ ಏನು ಹೇಳಬೇಕು?

"ಬಿಸಿ ಆಗ್ತಿದೆ" ಅಂದರೆ ಸಾಲದು. ಸುಮ್ಮನೆ ಇದ್ದಾಗ ಎಷ್ಟು, ಕೆಲಸದಲ್ಲಿ ಎಷ್ಟು, ಪ್ಯಾನೆಲ್ ತೆಗೆದಾಗ ಎಷ್ಟು, ಕೋಣೆ ಎಷ್ಟು, ಇಷ್ಟನ್ನು ಬರೆದ ಆ ಚೀಟಿ ಕೊಡಿ. ಪೇಸ್ಟ್ ಹಾಕಿ ಎಷ್ಟು ವರ್ಷ ಆಯಿತು ಹೇಳಿ. ವಾಪಸ್ ತರುವ ಮುಂಚೆ ಅಲ್ಲೇ ಹತ್ತು ನಿಮಿಷ ಓಡಿಸಿ, ಹೊಸ ಡಿಗ್ರಿ ತೋರಿಸಿ ಅಂತ ಕೇಳಿ. ಡಿಗ್ರಿ ಇಳಿಯದೆ ಬಿಲ್ ಮಾತ್ರ ಏರಿದ್ದರೆ ಏನು ಬದಲಾಯಿಸಿದರು ಅಂತ ಕೇಳುವ ಹಕ್ಕು ನಿಮಗಿದೆ. ಹಳೇ ಕೂಲರ್ ಬದಲಾಯಿಸಿದ್ದರೆ ಅದನ್ನೂ ಕೇಳಿ ತನ್ನಿ, ಅದರ ಫ್ಯಾನ್ ಚೆನ್ನಾಗಿದ್ದರೆ ಮುಂದೆ ಬೇಕಾಗುತ್ತದೆ.